ಕ್ಲೀನ್ ಒತ್ತುವ ಮುನ್ನ ಡಿಸ್ಕ್ ಯಾವುದೆಂದು ನೋಡಿ: ಪೆನ್‌ಡ್ರೈವ್, ಮೆಮೊರಿ ಕಾರ್ಡ್ ಪ್ರಶ್ನೆಗಳಿಗೆ ಉತ್ತರ

ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಪೆನ್‌ಡ್ರೈವ್ ಮತ್ತು ಮೆಮೊರಿ ಕಾರ್ಡ್‌ಗಳವೇ. ಮೌಸ್‌ನಿಂದ ಫಾರ್ಮ್ಯಾಟ್ ಮಾಡಿದರೆ ಆಗುತ್ತಿಲ್ಲ, ಕಮಾಂಡ್ ಕೊಡಲು ಧೈರ್ಯ ಸಾಲುತ್ತಿಲ್ಲ ಎನ್ನುವವರೇ ಜಾಸ್ತಿ. ಕಮಾಂಡ್‌ಗಳನ್ನು ಇಲ್ಲಿ ಕನ್ನಡ ಅಕ್ಷರದಲ್ಲಿ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳನ್ನೇ ಬಳಸಿ.

ಪ್ರಶ್ನೆ: ಸರ್, ನಾನು ದಾವಣಗೆರೆಯಲ್ಲಿ ಇಂಜಿನಿಯರಿಂಗ್ ಎರಡನೇ ವರ್ಷ ಓದುತ್ತಿದ್ದೇನೆ. 32 ಜಿಬಿ ಪೆನ್‌ಡ್ರೈವ್‌ಗೆ ಉಬುಂಟು ಎಂಬ ಆಪರೇಟಿಂಗ್ ಸಿಸ್ಟಮ್ ಬರೆದು ಲ್ಯಾಪ್‌ಟಾಪ್‌ಗೆ ಇನ್‌ಸ್ಟಾಲ್ ಮಾಡಿಕೊಂಡೆ. ಈಗ ಆ ಪೆನ್‌ಡ್ರೈವ್ ವಿಂಡೋಸ್‌ನಲ್ಲಿ ಬರೀ ನಾಲ್ಕೈದು ಎಂಬಿ ತೋರಿಸುತ್ತಿದೆ. ಫಾರ್ಮ್ಯಾಟ್ ಹೊಡೆದರೂ ಅಷ್ಟೇ. ಹಾಸ್ಟೆಲ್ ಗೆಳೆಯರು ಡಿಸ್ಕ್‌ಪಾರ್ಟ್ ಬಳಸು ಅಂತಾರೆ. ಲ್ಯಾಪ್‌ಟಾಪ್‌ನಲ್ಲಿರುವುದೇ ಹೋದರೆ ಅಂತ ಭಯ.

ಉತ್ತರ: ತಮ್ಮಾ, ನಿನ್ನ ಪೆನ್‌ಡ್ರೈವ್‌ಗೆ ಏನೂ ಆಗಿಲ್ಲ. ನಿನ್ನ ಭಯವೂ ಸರಿಯಾದದ್ದೇ, ಅದನ್ನು ಹಾಗೇ ಇಟ್ಟುಕೋ.

ಮೊದಲು ಆಗಿದ್ದೇನು ಅಂತ ತಿಳಿದುಕೋ. ಹೊಲಕ್ಕೆ ಬದು ಹಾಕಿ, ಯಾವ ತುಂಡಿನಲ್ಲಿ ಏನು ಬೆಳೆ ಅಂತ ಪಹಣಿಯಲ್ಲಿ ಬರೆಸುವುದಿಲ್ಲವೇ? ಪಾರ್ಟಿಷನ್ ಅಂದರೆ ಬದು. ಫಾರ್ಮ್ಯಾಟ್ ಅಂದರೆ ಒಂದು ಬದುವಿನೊಳಗಿನ ತುಂಡಿಗೆ ಹೊಸ ಪಹಣಿ ಮಾಡಿಸುವುದು. ಉಬುಂಟು ಇನ್‌ಸ್ಟಾಲ್ ಮಾಡುವ ಐಎಸ್‌ಒ ಫೈಲು ಪೆನ್‌ಡ್ರೈವ್‌ಗೆ ಬರೆಯುವಾಗ ತನ್ನದೇ ಬದುಗಳನ್ನು ಹಾಕಿಬಿಡುತ್ತದೆ. ಅದರಲ್ಲಿ ಕಂಪ್ಯೂಟರ್ ಬೂಟ್ ಆಗಲೆಂದು ಇಟ್ಟ ನಾಲ್ಕೈದು ಎಂಬಿಯ ಸಣ್ಣ ತುಂಡು ಮಾತ್ರ ವಿಂಡೋಸ್‌ಗೆ ಅರ್ಥವಾಗುತ್ತದೆ. ನೀನು ಎಷ್ಟು ಸಲ ಫಾರ್ಮ್ಯಾಟ್ ಒತ್ತಿದರೂ ಆ ಸಣ್ಣ ತುಂಡಿಗೇ ಮತ್ತೆ ಮತ್ತೆ ಪಹಣಿ ಆಗುತ್ತಿದೆ. ಬದುವನ್ನೇ ಕೀಳಬೇಕು. ಆ ಕೆಲಸ ವಿಂಡೋಸ್ ಜೊತೆಗೇ ಬರುವ ಡಿಸ್ಕ್‌ಪಾರ್ಟ್ ಎಂಬ ಕಮಾಂಡ್ ತಂತ್ರಾಂಶದ್ದು.

ಲ್ಯಾಪ್‌ಟಾಪ್‌ಗೆ ಸಿಕ್ಕಿಸಿರುವ ಬೇರೆಲ್ಲ ಪೆನ್‌ಡ್ರೈವ್, ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್, ಕಾರ್ಡ್ ತೆಗೆದುಬಿಡು. ಈ ಪೆನ್‌ಡ್ರೈವನ್ನೂ ತೆಗೆ. ಸ್ಟಾರ್ಟ್‌ನಲ್ಲಿ ಸಿಎಂಡಿ ಅಂತ ಹುಡುಕಿ, ರೈಟ್ ಕ್ಲಿಕ್ ಮಾಡಿ, ಅಡ್ಮಿನಿಸ್ಟ್ರೇಟರ್ ಆಗಿ ತೆರೆ. 'ಡಿಸ್ಕ್‌ಪಾರ್ಟ್' ಎಂದು ಕೊಟ್ಟು ಎಂಟರ್, ಆಮೇಲೆ 'ಲಿಸ್ಟ್ ಡಿಸ್ಕ್'. ಬಂದ ಪಟ್ಟಿಯನ್ನು ನೋಡು. ಈಗ ಪೆನ್‌ಡ್ರೈವ್ ಹಾಕಿ ಮತ್ತೊಮ್ಮೆ 'ಲಿಸ್ಟ್ ಡಿಸ್ಕ್' ಕೊಡು. ಹೊಸದಾಗಿ ಬಂದ ಸಾಲೇ ನಿನ್ನ ಪೆನ್‌ಡ್ರೈವ್. ಅಳತೆ ಸರಿಯಿದೆಯಾ ನೋಡು: 32 ಜಿಬಿ ಎಂದು ಮಾರಿದ್ದು ಅಲ್ಲಿ 28, 29 ಜಿಬಿ ಎಂದು ಕಾಣುತ್ತದೆ, 512 ಜಿಬಿಯ ಎಸ್‌ಎಸ್‌ಡಿ 476 ಎಂದು, 1 ಟಿಬಿ 931 ಎಂದು. ಯಾರೂ ಕದ್ದಿಲ್ಲ. ತಯಾರಕರು 1 ಜಿಬಿಗೆ ನೂರು ಕೋಟಿ ಬೈಟ್ ಲೆಕ್ಕ ಹಿಡಿಯುತ್ತಾರೆ, ವಿಂಡೋಸ್ 107 ಕೋಟಿಗೂ ಮೇಲೆ ಹಿಡಿಯುತ್ತದೆ.

ಆಮೇಲೆ 'ಸೆಲೆಕ್ಟ್ ಡಿಸ್ಕ್ 1'. ಇಲ್ಲಿ 1 ಅನ್ನುವುದು ಉದಾಹರಣೆ, ನಿನ್ನಲ್ಲಿ ಯಾವ ಸಂಖ್ಯೆ ಬಂತೋ ಅದು. ಇದಾದ ಮೇಲೆ ಎಲ್ಲರೂ ನೇರ 'ಕ್ಲೀನ್' ಕೊಡುತ್ತಾರೆ, ಆರಿಸಿದ ಡಿಸ್ಕ್‌ನ ಬದುಗಳನ್ನೆಲ್ಲ ಕೀಳುವ ಕಮಾಂಡ್ ಅದು. ನೀನು ಕೊಡಬೇಡ. 'ಡೀಟೇಲ್ ಡಿಸ್ಕ್' ಕೊಡು. ಪೆನ್‌ಡ್ರೈವ್ ಕಂಪನಿಯ ಹೆಸರು, ಟೈಪ್ ಎಂಬ ಕಡೆ ಯುಎಸ್‌ಬಿ, ಕೆಳಗೆ ಅದರೊಳಗಿನ ವಾಲ್ಯೂಮ್‌ಗಳು ಕಾಣುತ್ತವೆ. ಆ ಹೆಸರನ್ನು ಬಾಯಿಬಿಟ್ಟು ಓದು. ಓದಿದ್ದು ಕೈಯಲ್ಲಿರುವ ಪೆನ್‌ಡ್ರೈವ್‌ನ ಹೆಸರೇ ಆಗಿದ್ದರೆ ಮಾತ್ರ ಮುಂದೆ ಹೋಗು.

ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ಇದೆ. ಕೆಲವು ವರ್ಷದ ಹಿಂದೆ ನನ್ನ ಅಂಗಡಿಯಲ್ಲಿ ಒಂದು ಮಧ್ಯಾಹ್ನ ಎಂಟು ಹತ್ತು ಪೆನ್‌ಡ್ರೈವ್ ಸಾಲಾಗಿ ಕ್ಲೀನ್ ಮಾಡುತ್ತಿದ್ದೆ. ಎಲ್ಲವೂ ಡಿಸ್ಕ್ 2 ಆಗಿಯೇ ಬರುತ್ತಿದ್ದವು. ನಡುವೆ ಒಬ್ಬರು ಬಂದು ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಕೊಟ್ಟು, ವೈರಸ್ ಇದೆಯಾ ನೋಡಿ ಎಂದರು. ಪೆನ್‌ಡ್ರೈವ್ ಕಿತ್ತು ಅದನ್ನು ಹಾಕಿದೆ, ಪಕ್ಕದ ಪೋರ್ಟ್‌ಗೆ ಮುಂದಿನ ಪೆನ್‌ಡ್ರೈವ್ ಹಾಕಿದೆ. ಕೈ ರೂಢಿಯಂತೆ 'ಸೆಲೆಕ್ಟ್ ಡಿಸ್ಕ್ 2', 'ಕ್ಲೀನ್' ಹೊಡೆಯಿತು. ಖಾಲಿಯಾದ 2ರ ಸಂಖ್ಯೆ ಆಗ ಹಾರ್ಡ್ ಡಿಸ್ಕ್‌ಗೆ ಹೋಗಿತ್ತು. ಡಿಸ್ಕ್‌ಪಾರ್ಟ್ ನಿಜವಾಗಲೂ ಮಾಡಲೇ ಅಂತ ಕೇಳುವುದಿಲ್ಲ, ಡಿಸ್ಕ್ ಸ್ವಚ್ಛವಾಯಿತು ಎಂದು ಒಂದು ಸಾಲು ತೋರಿಸಿ ಸುಮ್ಮನಾಗುತ್ತದೆ. ಆ ಮನೆಯವರ ಮಕ್ಕಳ ನಾಮಕರಣದಿಂದ ಹಿಡಿದ ಫೋಟೋಗಳೆಲ್ಲ ಅದರಲ್ಲಿದ್ದವು. ಬರೀ 'ಕ್ಲೀನ್' ಕೊಟ್ಟಾಗ ಹೋಗುವುದು ಬದು ಮತ್ತು ಅದರ ದಾಖಲೆ, ಹೊಲದೊಳಗಿನ ಬೆಳೆ ಅಲ್ಲ. ಹಾಗಾಗಿ ಟೆಸ್ಟ್‌ಡಿಸ್ಕ್ ಎಂಬ ಉಚಿತ ತಂತ್ರಾಂಶದಿಂದ ಎರಡು ರಾತ್ರಿ ಕೂತು ಹಳೇ ಪಾರ್ಟಿಷನ್ ಹುಡುಕಿ ಮರಳಿ ಬರೆದೆ. 'ಕ್ಲೀನ್ ಆಲ್' ಕೊಟ್ಟಿದ್ದರೆ ಇಡೀ ಡಿಸ್ಕ್‌ಗೆ ಸೊನ್ನೆ ತುಂಬುತ್ತಿತ್ತು. ಆಗ ಯಾರಿಂದಲೂ ಏನೂ ಮಾಡಲಾಗುತ್ತಿರಲಿಲ್ಲ. ಅವತ್ತಿನಿಂದ 'ಡೀಟೇಲ್ ಡಿಸ್ಕ್' ನೋಡದೆ ನಾನು ಕ್ಲೀನ್ ಕೊಟ್ಟಿಲ್ಲ.

ಓಡುತ್ತಿರುವ ವಿಂಡೋಸ್ ಇರುವ ಡಿಸ್ಕನ್ನು ಕ್ಲೀನ್ ಮಾಡಲು ಡಿಸ್ಕ್‌ಪಾರ್ಟ್ ಒಪ್ಪುವುದಿಲ್ಲ, ಅಷ್ಟು ಧೈರ್ಯ ಇರಲಿ. ಆದರೆ ವಿಂಡೋಸ್ ಇನ್‌ಸ್ಟಾಲ್ ಮಾಡುವ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ, ಶಿಫ್ಟ್ ಮತ್ತು ಎಫ್10 ಒತ್ತಿ ಕಮಾಂಡ್ ಕಿಟಕಿ ತೆರೆದಾಗ ಈ ರಕ್ಷಣೆ ಇರುವುದಿಲ್ಲ.

ಕ್ಲೀನ್ ಆದ ಮೇಲೆ 'ಕ್ರಿಯೇಟ್ ಪಾರ್ಟಿಷನ್ ಪ್ರೈಮರಿ', ನಂತರ 'ಫಾರ್ಮ್ಯಾಟ್ ಎಫ್‌ಎಸ್=ಎಕ್ಸ್‌ಫ್ಯಾಟ್ ಕ್ವಿಕ್', 'ಅಸೈನ್', 'ಎಕ್ಸಿಟ್'. ಎಕ್ಸ್‌ಫ್ಯಾಟ್ ಅನ್ನುವುದು ಪಹಣಿ ಬರೆಯುವ ಒಂದು ಬಗೆ. ಪೂರ್ತಿ ಜಾಗ ವಾಪಸ್ ಬಂದಿರುತ್ತದೆ.

ನಿನ್ನ ಹತ್ತಿರ ಉಬುಂಟು ಇದೆಯಲ್ಲ, ಅದರಲ್ಲೂ ಕಲಿತುಕೋ. ಟರ್ಮಿನಲ್‌ನಲ್ಲಿ 'ಎಲ್‌ಎಸ್‌ಬಿಎಲ್‌ಕೆ' ಎಂಬ ಐದಕ್ಷರದ ಕಮಾಂಡ್ ಡಿಸ್ಕ್‌ಗಳ ಪಟ್ಟಿ ಕೊಡುತ್ತದೆ. ಪೆನ್‌ಡ್ರೈವ್ ಎಸ್‌ಡಿಎ ಆಗಿರಬಹುದು, ಎಸ್‌ಡಿಬಿ ಆಗಿರಬಹುದು. ಲ್ಯಾಪ್‌ಟಾಪ್‌ನ ಎಸ್‌ಎಸ್‌ಡಿ ಎನ್‌ವಿಎಂಇ ಎಂದು ಶುರುವಾಗದೆ ಅದೇ ಎಸ್‌ಡಿಎ ಆಗಿರುವ ಯಂತ್ರಗಳೂ ಬಹಳ ಇವೆ, ಇಂಟರ್ನೆಟ್‌ನಲ್ಲಿ ಸಿಕ್ಕ ಸಾಲನ್ನು ಹಾಗೇ ಕಾಪಿ ಮಾಡಿ ಕೆಡುವುದು ಇಲ್ಲೇ. ಪೆನ್‌ಡ್ರೈವನ್ನು ಮೊದಲು 'ಯುಮೌಂಟ್' ಮಾಡಿ, ಅಂದರೆ ಬಳಕೆಯಿಂದ ಬಿಡಿಸಿ, ಆಮೇಲೆ ಪಾರ್ಟಿಷನ್ ಬದಲಿಸುವ 'ಎಫ್‌ಡಿಸ್ಕ್' ತೆರೆ. ಕಲಿಯುವವರಿಗೆ ನಾನು ಎಫ್‌ಡಿಸ್ಕ್ ಅನ್ನೇ ಹೇಳುವುದು. ಅದರೊಳಗೆ ಏನು ಬದಲಿಸಿದರೂ 'ಡಬ್ಲ್ಯೂ' ಒತ್ತುವ ತನಕ ಡಿಸ್ಕ್‌ಗೆ ಒಂದಕ್ಷರವೂ ಹೋಗುವುದಿಲ್ಲ. ಗಾಬರಿಯಾದರೆ 'ಕ್ಯೂ' ಒತ್ತಿ ಹೊರಗೆ ಬಾ, ಎಲ್ಲ ಮೊದಲಿನಂತೆಯೇ ಇರುತ್ತದೆ. ಅದೇ ಕೆಲಸ ಮಾಡುವ 'ಪಾರ್ಟೆಡ್' ಹಾಗಲ್ಲ, ಕೊಟ್ಟ ಕಮಾಂಡನ್ನು ಆ ಕ್ಷಣದಲ್ಲೇ ಡಿಸ್ಕ್‌ಗೆ ಬರೆದುಬಿಡುತ್ತದೆ.

ಪ್ರಶ್ನೆ: ಚಿತ್ರದುರ್ಗದಲ್ಲಿ ಮದುವೆ ಫೋಟೋಗ್ರಫಿ ಮಾಡುತ್ತೇನೆ. ಚಂದ್ರವಳ್ಳಿಯಲ್ಲಿ ಒಂದು ಜೋಡಿಯ ಪ್ರಿ-ವೆಡ್ಡಿಂಗ್ ಶೂಟ್ ಮುಗಿಸಿ ಬಂದು ಕಾರ್ಡ್ ಹಾಕಿದರೆ, ಫೋಟೋ ಕಾಪಿ ಆಗುತ್ತವೆ, ಆದರೆ ಡಿಲೀಟ್ ಆಗುವುದಿಲ್ಲ, ಫಾರ್ಮ್ಯಾಟೂ ಆಗುವುದಿಲ್ಲ. ರೈಟ್ ಪ್ರೊಟೆಕ್ಟೆಡ್ ಅಂತ ಬರುತ್ತದೆ. 64 ಜಿಬಿ ಕಾರ್ಡ್. ಮುಂದಿನ ವಾರ ಎರಡು ಮದುವೆ ಇವೆ.

ಉತ್ತರ: ಸರ್, ಫೋಟೋ ಕಾಪಿ ಆಗುತ್ತಿವೆ ಎಂದಿರಿ. ಹಾಗಿದ್ದರೆ ಬೇರೇನೂ ಮಾಡುವ ಮೊದಲು ಎರಡು ಕಡೆ ಕಾಪಿ ಮಾಡಿಟ್ಟುಕೊಳ್ಳಿ.

ಕಾರ್ಡ್‌ನ ಎಡಬದಿಯಲ್ಲಿ ಮೇಲೆ ಕೆಳಗೆ ಸರಿಯುವ ಸಣ್ಣ ಪ್ಲಾಸ್ಟಿಕ್ ಕಡ್ಡಿ ಇದೆಯಲ್ಲ, ಅದು ಲಾಕ್ ಕಡೆ ಸರಿದಿದೆಯಾ ನೋಡಿ. ಆ ಕಡ್ಡಿಗೂ ಕಾರ್ಡ್ ಒಳಗಿನ ಚಿಪ್‌ಗೂ ಸಂಬಂಧವೇ ಇಲ್ಲ. ಅದು ಎಲ್ಲಿದೆ ಎಂದು ತಡವಿ ನೋಡುವುದು ರೀಡರ್ ಅಥವಾ ಕ್ಯಾಮೆರಾ. ಕಡ್ಡಿ ಸಡಿಲವಾಗಿ, ಕಾರ್ಡ್ ಒಳಗೆ ತಳ್ಳುವಾಗ ತಾನೇ ಜಾರುವುದು ಹಳೇ ಕಾರ್ಡ್‌ಗಳಲ್ಲಿ ಸಾಮಾನ್ಯ. ಕಡ್ಡಿ ಮುರಿದು ಬಿದ್ದಿದ್ದರೂ ಲಾಕ್ ಆದಂತೆಯೇ ಲೆಕ್ಕ. ಅನ್‌ಲಾಕ್ ಜಾಗದಲ್ಲಿ ತೆಳುವಾದ ಟೇಪಿನ ತುಂಡು ಅಂಟಿಸಿ ಬೇರೆ ರೀಡರ್‌ನಲ್ಲಿ ಹಾಕಿ ನೋಡಿ.

ಅದರಿಂದ ಆಗದಿದ್ದರೆ ಡಿಸ್ಕ್‌ಪಾರ್ಟ್‌ನಲ್ಲಿ ಮೇಲೆ ಹೇಳಿದಂತೆ ಡಿಸ್ಕ್ ಆರಿಸಿ 'ಆಟ್ರಿಬ್ಯೂಟ್ಸ್ ಡಿಸ್ಕ್' ಕೊಡಿ. ಎರಡು ಸಾಲನ್ನು ಗಮನವಿಟ್ಟು ಓದಿ. 'ರೀಡ್ ಓನ್ಲಿ' ಎದುರು ಯೆಸ್ ಇದ್ದರೆ ಅದು ವಿಂಡೋಸ್ ಹಾಕಿದ ಗುರುತು. 'ಆಟ್ರಿಬ್ಯೂಟ್ಸ್ ಡಿಸ್ಕ್ ಕ್ಲಿಯರ್ ರೀಡ್‌ಓನ್ಲಿ' ಎಂದರೆ ಹೋಗುತ್ತದೆ. ಆದರೆ 'ರೀಡ್ ಓನ್ಲಿ' ನೋ ಆಗಿದ್ದು, ಅದರ ಮೇಲಿನ 'ಕರೆಂಟ್ ರೀಡ್ ಓನ್ಲಿ ಸ್ಟೇಟ್' ಯೆಸ್ ಎಂದಿದ್ದರೆ, ಬರೆಯಲು ಬಿಡದೇ ಇರುವುದು ಕಾರ್ಡ್ ಅಥವಾ ರೀಡರ್, ವಿಂಡೋಸ್ ಅಲ್ಲ. ಫ್ಲ್ಯಾಶ್ ಮೆಮೊರಿಯ ಕೋಶಗಳು ಇಂತಿಷ್ಟು ಸಲ ಬರೆದು ಅಳಿಸುವುದನ್ನು ಮಾತ್ರ ತಾಳುತ್ತವೆ. ಅವು ಸವೆದಾಗ, ಇರುವ ಡೇಟಾ ಉಳಿಯಲಿ ಎಂದು ಕಂಟ್ರೋಲರ್ ಚಿಪ್ ಬರೆಯುವ ಬಾಗಿಲನ್ನು ಮುಚ್ಚಿಬಿಡುತ್ತದೆ. ಹಾಗಾಗಿದ್ದರೆ ಯಾವ ಕಮಾಂಡಿನಿಂದಲೂ ಅದು ತೆರೆಯುವುದಿಲ್ಲ. ತೆರೆಸುತ್ತೇವೆ ಎಂದು ದುಡ್ಡು ಕೇಳುವ ತಂತ್ರಾಂಶಗಳನ್ನು ನಂಬಬೇಡಿ. ಟೇಪ್, ಬೇರೆ ರೀಡರ್ ಎರಡರಲ್ಲೂ ಇದೇ ಉತ್ತರ ಬಂದರೆ ಆ ಕಾರ್ಡ್ ಮದುವೆಗೆ ಬೇಡ. ಮತ್ತೊಬ್ಬರ ತಾಳಿ ಕಟ್ಟುವ ಗಳಿಗೆ ಎರಡನೇ ಸಲ ಬರುವುದಿಲ್ಲ.

ಹೊಸ ಕಾರ್ಡ್ ತಂದ ಮೇಲೆ ಅದನ್ನು ಕಂಪ್ಯೂಟರ್‌ನಲ್ಲಿ ಫಾರ್ಮ್ಯಾಟ್ ಮಾಡದೆ ಕ್ಯಾಮೆರಾದಲ್ಲೇ ಮಾಡಿ. 64 ಜಿಬಿ ಕಾರ್ಡ್ ಎಸ್‌ಡಿಎಕ್ಸ್‌ಸಿ ಜಾತಿಯದು, ಅದಕ್ಕೆ ಎಕ್ಸ್‌ಫ್ಯಾಟ್ ಎಂದು ನಿಯಮವೇ ಇದೆ. ಕ್ಯಾಮೆರಾ ಅದನ್ನು ತಾನೇ ಸರಿಯಾಗಿ ಮಾಡಿ, ತನಗೆ ಬೇಕಾದ ಫೋಲ್ಡರ್‌ಗಳನ್ನೂ ಇಟ್ಟುಕೊಳ್ಳುತ್ತದೆ.

ಎಂದಾದರೂ ಕಾಪಿ ಮಾಡುವ ಮೊದಲೇ ಕಾರ್ಡ್ ಫಾರ್ಮ್ಯಾಟ್ ಆಗಿಹೋದರೆ, ತಕ್ಷಣ ಕ್ಯಾಮೆರಾದಿಂದ ತೆಗೆದು ಜೇಬಿಗೆ ಹಾಕಿ. ಅದರ ಮೇಲೆ ಇನ್ನೊಂದು ಫೋಟೋ ತೆಗೆಯಬೇಡಿ. ಕ್ವಿಕ್ ಫಾರ್ಮ್ಯಾಟ್‌ನಲ್ಲಿ ಪಹಣಿ ಮಾತ್ರ ಹೊಸದಾಗುತ್ತದೆ. ಟೆಸ್ಟ್‌ಡಿಸ್ಕ್ ಜೊತೆಗೇ ಬರುವ ಫೋಟೋರೆಕ್ ಎಂಬ ತಂತ್ರಾಂಶ ಕಾರ್ಡನ್ನು ಮೊದಲಿನಿಂದ ಕೊನೆಯವರೆಗೆ ಓದಿ ಚಿತ್ರಗಳನ್ನು ಹೆಕ್ಕಿ ತೆಗೆಯುತ್ತದೆ. ಹಳೇ ಹೆಸರು, ಫೋಲ್ಡರ್ ಬರುವುದಿಲ್ಲ, ಎಫ್ ಅಕ್ಷರದ ಮುಂದೆ ಸಾಲು ಅಂಕಿಯ ಹೆಸರಿನಲ್ಲಿ ಬರುತ್ತವೆ. ಹೆಕ್ಕಿದ್ದನ್ನು ಅದೇ ಕಾರ್ಡ್‌ಗೆ ಅಲ್ಲ, ಕಂಪ್ಯೂಟರ್‌ಗೆ ಉಳಿಸಬೇಕು. ಪೂರ್ತಿ ಫಾರ್ಮ್ಯಾಟ್ ಬೇರೆ ಮಾತು. ವಿಂಡೋಸ್ ವಿಸ್ತಾದಿಂದ ಈಚೆಗೆ ಕ್ವಿಕ್ ಟಿಕ್ ತೆಗೆದು ಫಾರ್ಮ್ಯಾಟ್ ಕೊಟ್ಟರೆ ಸೊನ್ನೆ ಬರೆಯುತ್ತದೆ, ಆಮೇಲೆ ಹುಡುಕಿದರೂ ಏನೂ ಸಿಗದು.

ಪ್ರಶ್ನೆ: ಜಗಳೂರು ಕಡೆಯವನು. ಟ್ರ್ಯಾಕ್ಟರ್ ಟೇಪ್‌ಗೆ ಹಳೇ 8 ಜಿಬಿ ಪೆನ್‌ಡ್ರೈವ್ ಹಾಕಿದರೆ ಹಾಡು ಬರುತ್ತವೆ. ಹೊಸ 64 ಜಿಬಿ ಹಾಕಿದರೆ ಎರರ್. ಅಂಗಡಿಯವರು ಫ್ಯಾಟ್32 ಮಾಡಿಸು ಅಂದರು, ಮಗನ ಲ್ಯಾಪ್‌ಟಾಪ್‌ನಲ್ಲಿ ಆ ಹೆಸರೇ ಬರುತ್ತಿಲ್ಲ.

ಉತ್ತರ: ಅಣ್ಣಾ, ಅಂಗಡಿಯವರು ಹೇಳಿದ್ದು ಸರಿ. ಟ್ರ್ಯಾಕ್ಟರ್, ಬಸ್ಸು, ಕಾರಿನ ಹಳೇ ಟೇಪ್‌ಗಳಲ್ಲಿ ಬಹಳಷ್ಟಕ್ಕೆ ಫ್ಯಾಟ್32 ಎಂಬ ಫಾರ್ಮ್ಯಾಟ್ ಬಗೆ ಬಿಟ್ಟು ಬೇರೆ ಗೊತ್ತಿಲ್ಲ. ವಿಂಡೋಸ್‌ನ ಫಾರ್ಮ್ಯಾಟ್ ಕಿಟಕಿ 32 ಜಿಬಿಗಿಂತ ದೊಡ್ಡದಕ್ಕೆ ಫ್ಯಾಟ್32 ಆಯ್ಕೆ ತೋರಿಸುವ ರೂಢಿಯಿಲ್ಲ. ಫ್ಯಾಟ್32 ಅಷ್ಟಕ್ಕೇ ನಿಲ್ಲುತ್ತದೆ ಎಂದಲ್ಲ, ಅದು ಮೈಕ್ರೋಸಾಫ್ಟ್ ಇಟ್ಟ ಮಿತಿ.

ಹಾಗಾಗಿ ಹೊಲ ದೊಡ್ಡದಿದ್ದರೆ ಬದು ಹಾಕಿಬಿಡೋಣ. ಹಾಡಿಗೆ 30 ಜಿಬಿ ಧಾರಾಳ ಸಾಕು. ಪೆನ್‌ಡ್ರೈವ್‌ನಲ್ಲಿ ಬೇಕಾದದ್ದೇನಾದರೂ ಇದ್ದರೆ ಮೊದಲು ತೆಗೆದಿಟ್ಟುಕೊಳ್ಳಿ. ಮೊದಲ ಉತ್ತರದಲ್ಲಿ ಹೇಳಿದ ಹಾಗೆ ಡಿಸ್ಕ್ ಯಾವುದೆಂದು ನೋಡಿ, ಹೆಸರು ಓದಿ, ಕ್ಲೀನ್ ಮಾಡಿಸಿ. ಆಮೇಲೆ ಮಗ 'ಕ್ರಿಯೇಟ್ ಪಾರ್ಟಿಷನ್ ಪ್ರೈಮರಿ ಸೈಜ್=30000' ಎಂದು ಕೊಡಲಿ. ಅಂಕಿ ಎಂಬಿ ಲೆಕ್ಕದ್ದು. ನಂತರ 'ಫಾರ್ಮ್ಯಾಟ್ ಎಫ್‌ಎಸ್=ಫ್ಯಾಟ್32 ಕ್ವಿಕ್', 'ಅಸೈನ್'. 32ರ ಒಳಗೇ ಇರುವುದರಿಂದ ತಕರಾರಿಲ್ಲದೆ ಆಗುತ್ತದೆ. ಉಳಿದ ಜಾಗಕ್ಕೆ ಇನ್ನೊಂದು ಪಾರ್ಟಿಷನ್ ಮಾಡಿ ಎಕ್ಸ್‌ಫ್ಯಾಟ್ ಹಾಕಿಕೊಂಡರೆ ಮಗ ಸಿನಿಮಾ ಇಟ್ಟುಕೊಳ್ಳಬಹುದು. ಟೇಪ್ ಮೊದಲನೆಯದನ್ನು ನೋಡುವುದರಿಂದ ಹಾಡಿನ ತುಂಡು ಮೊದಲೇ ಇರಲಿ. ಪೆನ್‌ಡ್ರೈವ್‌ನ ಎರಡು ಪಾರ್ಟಿಷನ್‌ಗಳನ್ನು ಒಟ್ಟಿಗೆ ತೋರಿಸುವುದನ್ನು ವಿಂಡೋಸ್ 10 ತನ್ನ 1703 ಆವೃತ್ತಿಯಿಂದ, ಅಂದರೆ 2017ರಿಂದ ಕಲಿತಿದೆ. ಅದಕ್ಕೂ ಹಿಂದಿನ ಕಂಪ್ಯೂಟರ್‌ನಲ್ಲಿ ಮೊದಲನೆಯದು ಮಾತ್ರ ಕಾಣುತ್ತದೆ.

ಫ್ಯಾಟ್32 ತುಂಡಿನಲ್ಲಿ 4 ಜಿಬಿ ಮುಟ್ಟುವ ಒಂದೇ ಫೈಲು ಕೂರುವುದಿಲ್ಲ. ಹಾಡಿಗೆ ಅದರಿಂದ ತೊಂದರೆ ಇಲ್ಲ.

ಪ್ರಶ್ನೆ: ನಾನು ದಾವಣಗೆರೆಯಲ್ಲಿ ಎಂಎ ವಿದ್ಯಾರ್ಥಿನಿ. ಜೆರಾಕ್ಸ್ ಅಂಗಡಿಯಲ್ಲಿ ಪ್ರಬಂಧ ಪ್ರಿಂಟ್ ತೆಗೆಸಿ ಬಂದ ಮೇಲೆ ಪೆನ್‌ಡ್ರೈವ್‌ನ ಫೋಲ್ಡರ್‌ಗಳೆಲ್ಲ ಶಾರ್ಟ್‌ಕಟ್ ಆಗಿವೆ. ಫಾರ್ಮ್ಯಾಟ್ ಮಾಡಿಬಿಡು ಅನ್ನುತ್ತಿದ್ದಾರೆ. ಬೇರೆ ಕಾಪಿ ಇಲ್ಲ.

ಉತ್ತರ: ಫಾರ್ಮ್ಯಾಟ್ ಮಾಡಬೇಡಮ್ಮ. ಹೀಗಾದಾಗ ಸಾಮಾನ್ಯವಾಗಿ ಫೈಲುಗಳು ಪೆನ್‌ಡ್ರೈವ್‌ನಲ್ಲೇ ಇರುತ್ತವೆ. ವೈರಸ್ ಅವಕ್ಕೆ ಹಿಡನ್, ಸಿಸ್ಟಮ್ ಎಂಬ ಗುರುತು ಹಾಕಿ ಕಾಣದಂತೆ ಮಾಡಿ, ಅದೇ ಹೆಸರಿನ ಶಾರ್ಟ್‌ಕಟ್ ಮುಂದಿಟ್ಟಿದೆ. ಶಾರ್ಟ್‌ಕಟ್ ಮೇಲೆ ಕ್ಲಿಕ್ ಮಾಡಿದರೆ ವೈರಸ್ ನಿನ್ನ ಲ್ಯಾಪ್‌ಟಾಪ್‌ಗೂ ಬರುತ್ತದೆ, ಮುಟ್ಟಬೇಡ. ಮೊದಲು ಆ್ಯಂಟಿವೈರಸ್‌ನಿಂದ ಪೆನ್‌ಡ್ರೈವ್ ಸ್ಕ್ಯಾನ್ ಮಾಡು. ಆಮೇಲೆ ಕಮಾಂಡ್ ಕಿಟಕಿಯಲ್ಲಿ ಪೆನ್‌ಡ್ರೈವ್‌ನ ಅಕ್ಷರ ಮತ್ತು ಕೋಲನ್ ಒತ್ತಿ ಎಂಟರ್ ಕೊಡು, ಜಿ ಡ್ರೈವ್ ಆದರೆ ಜಿ ಮತ್ತು ಕೋಲನ್. ನಂತರ 'ಆಟ್ರಿಬ್' ಎಂದು ಬರೆದು, ಜಾಗ ಬಿಟ್ಟು ಬಿಟ್ಟು ಮೈನಸ್ ಎಚ್, ಮೈನಸ್ ಆರ್, ಮೈನಸ್ ಎಸ್, ಸ್ಲ್ಯಾಶ್ ಎಸ್, ಸ್ಲ್ಯಾಶ್ ಡಿ ಕೊಡು. ಇಲ್ಲಿ ಸ್ಲ್ಯಾಶ್ ಎಂದರೆ ಪ್ರಶ್ನಾರ್ಥಕ ಚಿಹ್ನೆಯ ಕೀಲಿಯಲ್ಲಿರುವ ಗೆರೆ. ಸ್ವಲ್ಪ ಹೊತ್ತಿಗೆ ಫೋಲ್ಡರ್‌ಗಳು ಕಾಣಿಸುತ್ತವೆ. ಹೆಸರೇ ಇಲ್ಲದ ಒಂದು ಫೋಲ್ಡರ್ ಕಂಡರೆ ಅದರೊಳಗೂ ನೋಡು, ಎಲ್ಲವನ್ನೂ ಅಲ್ಲಿಗೆ ಸಾಗಿಸಿಡುವ ವೈರಸ್‌ಗಳಿವೆ.

ಪ್ರಬಂಧವನ್ನು ಲ್ಯಾಪ್‌ಟಾಪ್‌ಗೆ ಕಾಪಿ ಮಾಡಿ, ತೆರೆದು, ಕೊನೆಯ ಪುಟದವರೆಗೂ ಇದೆಯಾ ನೋಡು. ಅದರದೇ ಇನ್ನೊಂದು ಪ್ರತಿಯನ್ನು ನಿನ್ನ ಮೇಲ್‌ಗೆ ಕಳಿಸಿಕೋ. ಪೆನ್‌ಡ್ರೈವ್ ಫಾರ್ಮ್ಯಾಟ್ ಮಾಡುವುದಿದ್ದರೆ ಇದೆಲ್ಲ ಆದ ಮೇಲೆ. ಮುಂದಿನ ಸಲ ಜೆರಾಕ್ಸ್ ಅಂಗಡಿಗೆ ಪಿಡಿಎಫ್ ಒಂದನ್ನೇ ಹಾಕಿದ ಬೇರೆ ಪೆನ್‌ಡ್ರೈವ್ ಒಯ್ಯಿ.