ಹೋದ ದಾರಿಯಲ್ಲೇ ವಾಪಸ್ ಬರಬೇಡಿ

ಪ್ರಶ್ನೆ: ಮೇಡಂ, ನಮ್ಮದು ಶಿಡ್ಲಘಟ್ಟ, ರೇಷ್ಮೆ ರೀಲಿಂಗ್ ಕೆಲಸ. ಡಿಸೆಂಬರ್‌ನಲ್ಲಿ 12 ದಿನ ಬಿಡುವು ಮಾಡಿಕೊಂಡಿದ್ದೇನೆ. ನಾನು, ಹೆಂಡತಿ, 10 ವರ್ಷದ ಮಗಳು, 66 ವರ್ಷದ ಅಮ್ಮ ಹೊರಟಿದ್ದೇವೆ. ವಿಯೆಟ್ನಾಂ, ಲಾವೋಸ್, ಕಾಂಬೋಡಿಯಾ, ಥಾಯ್ಲೆಂಡ್, ಮಲೇಷ್ಯಾ, ಸಿಂಗಪುರ ಎಲ್ಲಾ ಅಕ್ಕಪಕ್ಕದ ದೇಶಗಳೇ ಅಲ್ವಾ? ಒಂದೇ ಸಲಕ್ಕೆ ಮುಗಿಸುವುದು ಹೇಗೆ?
– ಒಬ್ಬ ಓದುಗರು, ಶಿಡ್ಲಘಟ್ಟ

ಉತ್ತರ: ಮೊದಲು ಆರರಲ್ಲಿ ಮೂರು ದೇಶ ಬಿಟ್ಟುಬಿಡಿ. ಬೇಜಾರಾಗಬಹುದು, ಆದರೂ ಹೇಳುತ್ತೇನೆ. ಒಂದು ದೇಶದಿಂದ ಇನ್ನೊಂದಕ್ಕೆ ಹೋಗುವುದೆಂದರೆ ರೂಮು ಖಾಲಿ ಮಾಡಬೇಕು, ಗಡಿಯಲ್ಲಿ ಸಾಲು ನಿಲ್ಲಬೇಕು, ಹೊಸ ಊರಲ್ಲಿ ರೂಮು ಹುಡುಕಬೇಕು. ಒಂದು ದಿನ ಅದಕ್ಕೇ ಹೋಗುತ್ತದೆ. ಆರು ದೇಶ ಅಂದರೆ ಐದು ದಿನ ಬರೀ ಲಗೇಜ್ ಎಳೆಯುವುದೇ ಆಯಿತು. ಪಾಪ, ಅಮ್ಮನ ಮಂಡಿ ಏನಾಗಬೇಕು?

ವಿಯೆಟ್ನಾಂ, ಕಾಂಬೋಡಿಯಾ, ಥಾಯ್ಲೆಂಡ್ ಇಟ್ಟುಕೊಳ್ಳಿ, ಇದೇ ಕ್ರಮದಲ್ಲಿ. ಹೋ ಚಿ ಮಿನ್ ಸಿಟಿಯಲ್ಲಿ ಇಳಿದು ಬ್ಯಾಂಕಾಕ್‌ನಿಂದ ಬೆಂಗಳೂರಿಗೆ ಹತ್ತಿ. ಟಿಕೆಟ್ ಹುಡುಕುವಾಗ ‘ರಿಟರ್ನ್’ ಬಿಟ್ಟು ‘ಮಲ್ಟಿ ಸಿಟಿ’ ಒತ್ತಿ. ಹೋದಲ್ಲಿಗೇ ವಾಪಸ್ ಬಂದು ವಿಮಾನ ಹತ್ತುವ ಲೆಕ್ಕ ಹಾಕಿದರೆ ವೀಸಾದಲ್ಲೂ ಪೆಟ್ಟು ಬೀಳುತ್ತದೆ. ವಿಯೆಟ್ನಾಂ ಇ-ವೀಸಾ ಒಂದು ಸಲದ ಪ್ರವೇಶಕ್ಕೆ 25 ಡಾಲರ್, ಹಲವು ಸಲಕ್ಕೆ 50. ನಾಲ್ಕು ಜನಕ್ಕೆ 100 ಡಾಲರ್ ಸುಮ್ನೆ ದಂಡ. ಅರ್ಜಿ ಸರ್ಕಾರದ ತಾಣದಲ್ಲೇ ಹಾಕಿ. ಯಾವ ವಿಮಾನ ನಿಲ್ದಾಣದಿಂದ ಒಳಗೆ ಹೋಗುತ್ತೀರಿ ಅಂತಲೂ ಅದರಲ್ಲಿ ಕೇಳುತ್ತಾರೆ, ಸರಿಯಾಗಿ ತುಂಬಿ. ನಮ್ಮ ಕಡೆಯವರಿಗೆ ಇನಿಷಿಯಲ್ ಒಂದು ತಲೆನೋವು. ಪಾಸ್‌ಪೋರ್ಟಿನಲ್ಲಿ ಹೆಸರು ಹೇಗಿದೆಯೋ ಹಾಗೇ ಬರೆಯಿರಿ.

ಹನೋಯ್ ಈ ಸಲ ಬೇಡ. ಹೋ ಚಿ ಮಿನ್ ಸಿಟಿಯಿಂದ ರೈಲಿನಲ್ಲಿ 1,700 ಕಿ.ಮೀ.ಗೂ ಜಾಸ್ತಿ. ಮೂರು ದಿನ ದಕ್ಷಿಣದಲ್ಲೇ ಇರಿ, ಒಂದು ದಿನ ಮೆಕಾಂಗ್ ನದಿ ಕಡೆ ಹೋಗಿ ಬನ್ನಿ. ಆಮೇಲೆ ಕಾಂಬೋಡಿಯಾದ ರಾಜಧಾನಿ ನಾಮ್‌ಪೆನ್‌ಗೆ ಬಸ್ಸು, ಆರೇಳು ಗಂಟೆ. ಮೊಕ್ ಬಾಯ್ ಗಡಿಯಲ್ಲಿ ಬಸ್ಸಿನವನು ಎಲ್ಲರ ಪಾಸ್‌ಪೋರ್ಟ್ ಒಟ್ಟಿಗೆ ಇಸ್ಕೊಂಡು ಹೋಗಬಹುದು. ಅದು ಅಲ್ಲಿನ ವಾಡಿಕೆ, ಗಾಬರಿ ಬೇಡ. ವಾಪಸ್ ಕೊಟ್ಟಾಗ ಮಾತ್ರ ನಾಲ್ಕರಲ್ಲೂ ಸೀಲು ಬಿದ್ದಿದೆಯಾ ಅಂತ ನಿಂತಲ್ಲೇ ನೋಡಿಕೊಳ್ಳಿ. ಕಾಂಬೋಡಿಯಾದ ಇ-ವೀಸಾ ಮೊದಲೇ ಮಾಡಿಸಿಟ್ಟುಕೊಂಡರೆ ಗಡಿಯಲ್ಲಿ ದಲ್ಲಾಳಿಗಳ ಕಾಟ ಇರುವುದಿಲ್ಲ.

ಉಳಿಸಿದ ದಿನವನ್ನೆಲ್ಲ ಅಂಕೋರ್‌ವಾಟ್ ಪಕ್ಕದ ಊರು ಸಿಯಮ್ ರೀಪ್‌ಗೆ ಕೊಡಿ. ಅಂಕೋರ್‌ವಾಟ್ ನೋಡಲು ಹೋಗಿ ಓಡೋಡಿ ಬರುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. 12ನೇ ಶತಮಾನದಲ್ಲಿ ಎರಡನೇ ಸೂರ್ಯವರ್ಮ ಕಟ್ಟಿಸಿದ ವಿಷ್ಣು ದೇವಸ್ಥಾನ ಅದು. ಪೂರ್ವದ ಗೋಡೆಯ ದಕ್ಷಿಣ ಭಾಗದಲ್ಲಿ ಸಮುದ್ರಮಥನ ಇದೆ. ಒಂದು ಕಡೆ ಅಸುರರು, ಇನ್ನೊಂದು ಕಡೆ ದೇವತೆಗಳು, ನಡುವೆ ವಿಷ್ಣು, ಬುಡದಲ್ಲಿ ಕೂರ್ಮ. ಪಶ್ಚಿಮದ ಗೋಡೆಯಲ್ಲಿ ಕುರುಕ್ಷೇತ್ರ. ಭೀಷ್ಮ ಬಾಣಗಳ ಮೇಲೆ ಮಲಗಿದ್ದಾನೆ. ಅಮ್ಮನಿಗೆ ಗೈಡೇ ಬೇಡ, ಮೊಮ್ಮಗಳಿಗೆ ಅವರೇ ಕಥೆ ಹೇಳುತ್ತಾರೆ. ಇವೆಲ್ಲ ಕೆಳಗಿನ ಮೊಗಸಾಲೆಯಲ್ಲೇ ಇವೆ. ಮೇಲಿನ ಗೋಪುರದ ಮೆಟ್ಟಿಲು ಬಹಳ ಕಡಿದು, ಅಮ್ಮನನ್ನು ಹತ್ತಿಸಬೇಡಿ.

ಪಾಸ್ ಒಂದು ದಿನಕ್ಕೆ 37 ಡಾಲರ್, ಮೂರು ದಿನಕ್ಕೆ 62. ಮೂರು ದಿನದ್ದೇ ತಗೊಳ್ಳಿ. ಅದನ್ನು 10 ದಿನದೊಳಗೆ ಬಿಟ್ಟು ಬಿಟ್ಟು ಬಳಸಬಹುದು, ನಡುವೆ ಅಮ್ಮನಿಗೆ ವಿಶ್ರಾಂತಿ ಸಿಗುತ್ತದೆ. 12 ವರ್ಷದೊಳಗಿನವರಿಗೆ ಪಾಸ್ ಬೇಡ, ಮಗಳ ಪಾಸ್‌ಪೋರ್ಟ್ ಮಾತ್ರ ಜೊತೆಗಿರಲಿ.

ಇನ್ನೊಂದು ವಿಷಯ, ನಿಮಗಾಗಿಯೇ ಹೇಳುತ್ತಿದ್ದೇನೆ. ಸಿಯಮ್ ರೀಪ್ ಪಕ್ಕದ ಪುವೋಕ್ ಕಡೆ ರೇಷ್ಮೆ ಫಾರ್ಮ್ ಇದೆ. ಅಲ್ಲಿನ ಗೂಡು ಅರಿಶಿನ ಬಣ್ಣ. ನಮ್ಮ ಸಿಬಿ (ಮಿಶ್ರತಳಿ) ಗೂಡನ್ನು ದಿನಾ ನೋಡುವ ನಿಮ್ಮ ಕಣ್ಣಿಗೆ ಅಲ್ಲಿ ಕಾಣುವಷ್ಟು ಬೇರೆ ಪ್ರವಾಸಿಗಳಿಗೆ ಕಾಣುವುದಿಲ್ಲ. ಹೋಟೆಲಿನವರನ್ನು ಕೇಳಿ, ತೆರೆದಿದ್ದರೆ ಖಂಡಿತ ಹೋಗಿ.

ಅಲ್ಲಿಂದ ಬ್ಯಾಂಕಾಕ್‌ಗೆ ವಿಮಾನ. ಮ್ಯಾಪಿನಲ್ಲಿ ರಸ್ತೆ ಹತ್ತಿರ ಕಂಡರೂ ಅದನ್ನು ನಂಬಬೇಡಿ. 2025ರಲ್ಲಿ ಎರಡು ದೇಶಗಳ ನಡುವೆ ಗುಂಡು ಹಾರಿ ಗಡಿ ಮುಚ್ಚಿತು. ಸಿಯಮ್ ರೀಪ್‌ನ ಹೊಸ ವಿಮಾನ ನಿಲ್ದಾಣ ಊರಿಂದ ದೂರ, ಬೇಗ ಹೊರಡಿ. ಥಾಯ್ಲೆಂಡ್ 2024ರ ಜುಲೈನಲ್ಲಿ ನಮಗೆ 60 ದಿನ ವೀಸಾ ಬೇಡ ಅಂದಿತು, ಆದರೆ ಈ ನಿಯಮ ಬದಲಾಗುತ್ತಿರುತ್ತದೆ. ಟಿಕೆಟ್ ಮಾಡಿಸುವ ಮುಂಚೆ ಒಮ್ಮೆ ನೋಡಿ. ಥಾಯ್ಲೆಂಡಿನ ಡಿಜಿಟಲ್ ಅರೈವಲ್ ಕಾರ್ಡನ್ನು ಅಲ್ಲಿ ಇಳಿಯುವುದಕ್ಕೆ ಮುಂಚಿನ ಮೂರು ದಿನದೊಳಗೆ ಆನ್‌ಲೈನ್‌ನಲ್ಲಿ ತುಂಬಬೇಕು. ಅದು ಪುಕ್ಕಟೆ. ದುಡ್ಡು ಕೇಳುವ ತಾಣ ಬಂದರೆ ಮುಚ್ಚಿಬಿಡಿ.

ಹೊರಡುವ ದಿನ ಬೆಂಗಳೂರಿನೊಳಗೆ ಹೋಗಲೇಬೇಡಿ. ದೇವನಹಳ್ಳಿ ತಾಲ್ಲೂಕಿನ ವಿಜಯಪುರದ ಮೇಲೆ ವಿಮಾನ ನಿಲ್ದಾಣಕ್ಕೆ ನೇರ ಬನ್ನಿ.

ಪ್ರಶ್ನೆ: ಮೂರು ದೇಶಕ್ಕೆ ಹೋದರೆ ಮೂರು ಥರದ ದುಡ್ಡು ಇಲ್ಲಿಂದಲೇ ಒಯ್ಯಬೇಕಾ?
– ಒಬ್ಬ ಓದುಗರು, ಗುಬ್ಬಿ

ಉತ್ತರ: ಬೇಡ. ಡಾಲರ್ ಒಯ್ಯಿರಿ, ವಿಯೆಟ್ನಾಂನ ಡಾಂಗ್ ಮತ್ತು ಥಾಯ್ಲೆಂಡಿನ ಬಾತ್ ಅಲ್ಲೇ ಬದಲಾಯಿಸಿ. ಕಾಂಬೋಡಿಯಾದಲ್ಲಿ ಅಂಗಡಿ, ಹೋಟೆಲು, ಟುಕ್‌ಟುಕ್ ಎಲ್ಲ ಕಡೆ ಡಾಲರೇ ನಡೆಯುತ್ತದೆ. ಚಿಲ್ಲರೆ ಮಾತ್ರ ಅಲ್ಲಿನ ದುಡ್ಡು ರಿಯಲ್‌ನಲ್ಲಿ ಕೊಡುತ್ತಾರೆ, ಡಾಲರಿಗೆ ಸುಮಾರು 4,000. ಸ್ವಲ್ಪ ಹರಿದ, ಗೀಚಿದ ನೋಟನ್ನೂ ಅಲ್ಲಿ ಮುಟ್ಟುವುದಿಲ್ಲ. ಇಲ್ಲಿ ನೋಟು ಇಸ್ಕೊಳ್ಳುವಾಗಲೇ ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿ, 1, 5, 10ರ ನೋಟು ಜಾಸ್ತಿ ಕೇಳಿ ಪಡೆಯಿರಿ.