ಕೀಬೋರ್ಡ್ ಮುಚ್ಚಿಡಿ, ತಂಬೂರಿ ಹಾಕಿ

ಮಂಡ್ಯದಿಂದ ಕೇಳಿರುವ ತಾಯಿಗೆ. 8 ವರ್ಷದ ಮಗಳಿಗೆ ಗಾಂಧಾರ (ಸ-ರಿ-ಗ-ಮದ ‘ಗ’) ನಿಲ್ಲುತ್ತಿಲ್ಲ, ಅದಕ್ಕೆ ಕೀಬೋರ್ಡ್‌ನಲ್ಲಿ ಒಂದೊಂದೇ ಸ್ವರ ಒತ್ತಿ ಜಂಟಿ ವರಸೆ (ಸಸ-ರಿರಿ ಅಂತ ಸ್ವರ ಜೋಡಿಸಿ ಹಾಡುವ ಆರಂಭದ ಪಾಠ) ಹಾಡಿಸುತ್ತಿದ್ದೇನೆ ಅಂದಿದ್ದೀರಿ. ದಯವಿಟ್ಟು ಇವತ್ತೇ ನಿಲ್ಲಿಸಿ. ಪಾಠ ಶುರು ಮಾಡಿದ ಹೊಸದರಲ್ಲಿ ನಾನೂ ಹೀಗೇ ಹೇಳಿಕೊಡುತ್ತಿದ್ದೆ. ನುಡಿಸುವಷ್ಟು ಹೊತ್ತು ಮಕ್ಕಳು ಚೆನ್ನಾಗಿ ಹಾಡೋರು, ಕೈ ತೆಗೆದರೆ ಶ್ರುತಿ ಜಾರೋದು. ಸ್ವರ ಕಿವಿಗೆ ಬಿದ್ದ ಮೇಲೆ ಹಿಡಿಯೋದೇ ರೂಢಿಯಾದರೆ, ತಾನಾಗಿ ನೆನೆದು ಹಾಡೋದು ಬರುವುದಿಲ್ಲ.

ಅದೂ ಅಲ್ಲದೆ ಕೀಬೋರ್ಡ್‌ನ ಅಂತರ ಗಾಂಧಾರ (‘ಗ’ದ ಮೇಲಿನ ಬಗೆ) ತಂಬೂರಿಯದಕ್ಕಿಂತ ಸ್ವಲ್ಪ ಮೇಲಿರುತ್ತದೆ. ಕಾಕಲಿ ನಿಷಾದವೂ (‘ನಿ’ಯ ಮೇಲಿನ ಬಗೆ) ಅಷ್ಟೇ. ಆರಂಭದ ಪಾಠಗಳ ರಾಗವಾದ ಮಾಯಾಮಾಳವಗೌಳದಲ್ಲಿ ಎರಡೂ ಬರುತ್ತವೆ, ಅಲ್ವಾ? ತಂಬೂರಿ ಚೆನ್ನಾಗಿ ಶ್ರುತಿ ಸೇರಿಸಿ, ಕುದುರೆ (ತಂತಿಗಳು ಹಾದುಹೋಗುವ ಮರದ ಆಸರೆ) ಮೇಲಿನ ದಾರವನ್ನು ಸರಿಯಾದ ಜಾಗಕ್ಕೆ ಸರಿಸಿದರೆ, ಮಂದ್ರ ಷಡ್ಜದ (ಕೆಳಗಿನ ‘ಸ’) ತಂತಿಯೊಳಗೇ ಗಾಂಧಾರ ಕೇಳಿಸುತ್ತದೆ. ಮಗಳನ್ನು ತಂಬೂರಿಯ ಕೆಳಗಿನ ದುಂಡು ಬುರುಡೆಯ ಪಕ್ಕ ಕೂರಿಸಿ ಆ ತಂತಿ ಒಂದನ್ನೇ ಮೀಟಿ. ಮೊದಲು ಅವಳಿಗೆ ಬರೀ ಷಡ್ಜ ಕೇಳುತ್ತದೆ. ಅವಸರ ಮಾಡಬೇಡಿ, ನಾದ ಇಳಿಯುವಾಗ ಮೇಲೆ ಗಾಂಧಾರ ತೇಲುತ್ತದೆ. ಅದು ಸಿಕ್ಕ ಮೇಲೆ ಅಕಾರದಲ್ಲಿ (‘ಆ’ ಅಂತ) ಸ-ಪ-ಸ, ಆಮೇಲೆ ಸ-ಗ-ಪ. ಬೆಳಿಗ್ಗೆ ಹತ್ತು ನಿಮಿಷ ಸಾಕು. ನೆಗಡಿ ಇದ್ದ ದಿನ ಹಾಡಿಸಬೇಡಿ, ತಾಳ ಹಾಕಿಸಿ.

ತಂಬೂರಿ ಇಲ್ಲದಿದ್ದರೆ ರಾಡೆಲ್ ಕಂಪನಿಯ ಎಲೆಕ್ಟ್ರಾನಿಕ್ ತಂಬೂರಿ ಪೆಟ್ಟಿಗೆ ತಗೊಳ್ಳಿ, ಹಳೆಯದಾದರೂ ಪರವಾಗಿಲ್ಲ. ತಂಬೂರಿ ಆ್ಯಪ್ ಬೇಡ ಅನ್ನಲ್ಲ, ಆದರೆ ಫೋನಿನ ಪುಟ್ಟ ಸ್ಪೀಕರ್‌ನಲ್ಲಿ ಮಂದ್ರ ಷಡ್ಜ ಸರಿಯಾಗಿ ಬರುವುದಿಲ್ಲ. ದೊಡ್ಡ ಸ್ಪೀಕರ್‌ಗೆ ಕೊಡಿ. ಟೀಚರ್ ಐದು ಮನೆಯಲ್ಲಿ (ಮನೆ ಅಂದರೆ ಶ್ರುತಿಯ ಎತ್ತರ) ಹಾಡುತ್ತಾರೆ ಅಂತ ಮಗುವಿಗೂ ಅದನ್ನೇ ಇಡಬೇಡಿ. ತಾರ ಷಡ್ಜಕ್ಕೆ (ಮೇಲಿನ ‘ಸ’) ಕತ್ತಿನ ನರ ಉಬ್ಬಬಾರದು, ಕೆಳಗಿನ ಸ್ವರಗಳೂ ಕೇಳಿಸಬೇಕು, ಅಂಥ ಮನೆ ಹುಡುಕಿ.

ಮುಂದಿನ ವರ್ಷವೇ ಸಂಗೀತದ ಜೂನಿಯರ್ ಪರೀಕ್ಷೆ ಅಂದಿದ್ದು ಓದಿ ಬೇಜಾರಾಯಿತು. ಏಳು ಅಲಂಕಾರಗಳನ್ನೂ (ಏಳು ತಾಳಗಳ ಸ್ವರಪಾಠ) ಮೂರು ಕಾಲದಲ್ಲಿ, ಅಂದರೆ ಮೂರು ವೇಗದಲ್ಲಿ, ಹಾಡುತ್ತಾಳಾ? ಎಷ್ಟೋ ಮಕ್ಕಳು ಮೂರನೇ ಕಾಲಕ್ಕೆ ತಾಳ ಹಾಕುವ ಕೈಯನ್ನೇ ಓಡಿಸುತ್ತಾರೆ. ಕೈ ಅದೇ ವೇಗದಲ್ಲಿರಬೇಕು, ತಾಳದ ಒಂದು ಅಕ್ಷರಕ್ಕೆ (ಎಣಿಕೆಗೆ) ಕ್ರಮವಾಗಿ ಒಂದು, ಎರಡು, ನಾಲ್ಕು ಸ್ವರ ಆಗಬೇಕು.

ಇನ್ನು ಕೇಳ್ಮೆ. ವಾಗ್ಗೇಯಕಾರ ಮೈಸೂರು ವಾಸುದೇವಾಚಾರ್ಯರು ತಮಿಳುನಾಡಿನ ತಿರುವೈಯಾರಿಗೆ ಹೋಗಿ ಗುರು ಪಟ್ನಂ ಸುಬ್ರಹ್ಮಣ್ಯ ಅಯ್ಯರ್ ಅವರ ಹತ್ತಿರವೇ ಇದ್ದು ಕಲಿತವರು. ಹಾಗಿದ್ದರೆ ಪಾಠ ಇಲ್ಲದ ಹೊತ್ತಲ್ಲೂ ಸಂಗೀತ ಕಿವಿಗೆ ಬೀಳುತ್ತದೆ. ನಮ್ಮ ಮಕ್ಕಳಿಗೆ ಸಿಗೋದು ವಾರಕ್ಕೆ ಒಂದೆರಡು ಗಂಟೆ. ಅದಕ್ಕೇ ಸಂಗೀತ ಕಚೇರಿಗೆ ಕರೆದುಕೊಂಡು ಬನ್ನಿ. ರಾಮನವಮಿಯ ರಾಮೋತ್ಸವದಲ್ಲಿ ಮೈಸೂರಿನ ಗಾಯಕ ಬಿಡಾರಂ ಕೃಷ್ಣಪ್ಪನವರ ರಾಮಮಂದಿರಕ್ಕೆ ಬನ್ನಿ, ಮಂಡ್ಯದಿಂದ ರೈಲಿದೆ. ಸ್ವಲ್ಪ ಮುಂಚೆ ಬಂದು ತಂಬೂರಿ ಇರುವ ಕಡೆ ಕೂರಿಸಿ.