ಯೂನಿವರ್ಸಿಟಿ ಸಂಶೋಧನೆಯಿಂದ ಯಾರಿಗೆ ಏನು ಸಿಕ್ಕಿತು? ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಜಾಸ್ತಿ ಒಂದೇ ವಿಷಯದವು. ವಿಶ್ವವಿದ್ಯಾಲಯಗಳ ಸಂಶೋಧನೆಯಿಂದ ಜನರಿಗೆ ಆದ ಲಾಭ ನಷ್ಟ ಅಳೆಯೋದು ಹೇಗೆ ಅಂತ. ಐದನ್ನು ಆರಿಸಿಕೊಂಡಿದ್ದೇನೆ.

ರಾಯಚೂರಿನ ಕೃಷಿ ವಿಶ್ವವಿದ್ಯಾಲಯ 2008ರಲ್ಲಿ ಶುರುವಾಯಿತು. ಕೃಷಿ ಮೇಳಕ್ಕೆ ಇಷ್ಟು ಜನ ಬಂದರು ಅಂತ ಪೇಪರಿನಲ್ಲಿ ಓದುತ್ತೇನೆ. ಆದ್ರೆ ನಾನು ಹಚ್ಚೋದು ಬಿಪಿಟಿ ಭತ್ತ, ಅದು ಆಂಧ್ರದ್ದು. ನಮ್ಮ ತೆರಿಗೆ ದುಡ್ಡಿನ ಸಂಶೋಧನೆಯಿಂದ ನನಗೇನು ಬಂತು?
– ಸಿಂಧನೂರು ತಾಲ್ಲೂಕಿನ ರೈತ

ಅಣ್ಣಾ, ಮೊದಲು ಮೇಳದ ಲೆಕ್ಕ ಬದಿಗಿಡಿ. ಎಷ್ಟು ಮಂದಿ ಬಂದರು, ಎಷ್ಟು ತರಬೇತಿ ಕೊಟ್ಟರು, ಎಷ್ಟು ಪ್ರಾತ್ಯಕ್ಷಿಕೆ ನಡೆಯಿತು ಅನ್ನೋದೆಲ್ಲ ಹಾಜರಿ ಪುಸ್ತಕ. ಬಂದವರು ವಾಪಸ್ ಹೋಗಿ ಹೊಲದಲ್ಲಿ ಏನು ಬದಲಾಯಿಸಿದರು, ಅದರಿಂದ ಕೈಯಲ್ಲಿ ಎಷ್ಟು ಉಳಿಯಿತು ಅಂತ ತಿಳಿಯಬೇಕಾದ್ರೆ ನಾಲ್ಕೈದು ವರ್ಷ ಬಿಟ್ಟು ಊರಿಗೇ ಬಂದು ಕೇಳಬೇಕು. ಯೋಜನೆ ಮುಗಿದ ಮೇಲೆ ಅಷ್ಟು ದೂರ ಬರೋರು ಯಾರು?

ಬಿಪಿಟಿ ವಿಷಯ ಮಜವಾಗಿದೆ. ಬಿಪಿಟಿ 5204 ಆಂಧ್ರದ ಬಾಪಟ್ಲ ಸಂಶೋಧನಾ ಕೇಂದ್ರದ ತಳಿ, ಬಿಡುಗಡೆಯಾಗಿದ್ದು 1986ರಲ್ಲಿ. ಖರ್ಚು ಆಂಧ್ರ ಸರ್ಕಾರದ್ದು. ಲಾಭ ಉಂಡವರಲ್ಲಿ ಗಂಗಾವತಿ, ಕಾರಟಗಿ, ಸಿಂಧನೂರಿನ ರೈತರೂ ರೈಸ್ ಮಿಲ್ಲಿನವರೂ ಇದ್ದಾರೆ. ಬಾಪಟ್ಲದವರು ತಮ್ಮ ವರದಿಯಲ್ಲಿ ನಿಮ್ಮ ಹೊಲವನ್ನೂ ಸೇರಿಸಬಹುದಾ? ಧಾರಾಳವಾಗಿ ಸೇರಿಸಲಿ. ಆದ್ರೆ ಪೂರ್ತಿ ಹೆಸರು ಅವರಿಗೇ ಹೋಗಬಾರದು. ನೀರು ತುಂಗಭದ್ರೆಯದು. ಕೆಸರು ಗದ್ದೆಯ ಬೇಸಾಯವನ್ನು ಇಲ್ಲಿ ಹರಡಿದವರಲ್ಲಿ ಕರಾವಳಿ ಆಂಧ್ರದಿಂದ ಬಂದು ಕ್ಯಾಂಪ್ ಕಟ್ಟಿಕೊಂಡ ಕುಟುಂಬಗಳ ಪಾಲು ದೊಡ್ಡದು. ಬೀಜದಂಗಡಿಯವರದ್ದೂ ಇದೆ, ಪಕ್ಕದ ಹೊಲ ನೋಡಿ ಬಿತ್ತಿದ ನಿಮ್ಮಂಥವರದ್ದೂ ಇದೆ. ಇಷ್ಟೆಲ್ಲ ಸೇರಿ ಆದ ಬೆಳೆಯನ್ನು ಒಂದೇ ಸಂಸ್ಥೆ ತನ್ನ ಖಾತೆಗೆ ಬರೆದುಕೊಂಡ್ರೆ ನಗು ಬರುತ್ತೆ ಅಲ್ವಾ?

ಅರ್ಥಶಾಸ್ತ್ರದವರು ಇಲ್ಲಿ ಒಂದು ಪ್ರಶ್ನೆ ಹಾಕುತ್ತಾರೆ. ಆ ತಳಿ ಬರದೇ ಇದ್ದಿದ್ರೆ ನೀವು ಏನು ಬೆಳೀತಿದ್ರಿ? ಸುಮ್ನೆ ಕೂತಿರುತ್ತಿರಲಿಲ್ಲ, ಬೇರೆ ಯಾವುದೋ ಭತ್ತ ಹಚ್ಚಿರುತ್ತಿದ್ರಿ. ಆ ಎರಡರ ನಡುವಿನ ವ್ಯತ್ಯಾಸ ಮಾತ್ರ ಸಂಶೋಧನೆಯ ಕೊಡುಗೆ. 1958ರಲ್ಲಿ ಅಮೆರಿಕದಲ್ಲಿ ಜ್ವಿ ಗ್ರಿಲಿಕೆಸ್ ಅನ್ನೋ ಅರ್ಥಶಾಸ್ತ್ರಜ್ಞರು ಹೈಬ್ರಿಡ್ ಮೆಕ್ಕೆಜೋಳದ ಸಂಶೋಧನೆಗೆ ಆದ ಖರ್ಚು ಮತ್ತು ಸಮಾಜಕ್ಕೆ ಬಂದ ಲಾಭವನ್ನು ಎದುರುಬದುರು ಇಟ್ಟು ಲೆಕ್ಕ ಹಾಕಿದರು. ಇವತ್ತಿಗೂ ಈ ಕ್ಷೇತ್ರದವರು ಅಲ್ಲಿಂದಲೇ ಮಾತು ಶುರು ಮಾಡೋದು. ನಮ್ಮ ಕಡೆಯೂ ಉದಾಹರಣೆ ಇದೆ. ತೊಗರಿಗೆ ನೆಟೆ ರೋಗ ಬಂದು ಹೊಲಕ್ಕೆ ಹೊಲವೇ ಒಣಗುತ್ತಿದ್ದ ಕಾಲದಲ್ಲಿ, ಹೈದರಾಬಾದ್ ಹತ್ತಿರದ ಅಂತಾರಾಷ್ಟ್ರೀಯ ಬೆಳೆ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್‌ನವರು ಹುಡುಕಿದ ರೋಗ ತಡೆಯುವ ತಳಿ 1986ರಲ್ಲಿ 'ಮಾರುತಿ' ಅನ್ನೋ ಹೆಸರಲ್ಲಿ ಕರ್ನಾಟಕದಲ್ಲಿ ಬಿಡುಗಡೆಯಾಯಿತು. ಅದು ಎಷ್ಟು ಹರಡಿತು, ಹಾಕಿದ ದುಡ್ಡಿಗೆ ಏನು ಬಂತು ಅಂತ ಲೆಕ್ಕ ಹಾಕಿದ ಅಧ್ಯಯನ 1996ರಲ್ಲಿ ಬಂತು. ಹತ್ತು ವರ್ಷದ ಅಂತರ ನೋಡಿ. ಎರಡು ವರ್ಷಕ್ಕೇ ವರದಿ ಕೇಳಿದ್ದರೆ 'ಏನೂ ಆಗಿಲ್ಲ' ಅಂತಲೇ ಬರೆಯಬೇಕಿತ್ತು.

ಇಂಥ ಲೆಕ್ಕಗಳಲ್ಲಿ ಒಂದು ಮೋಸ ಇರುತ್ತೆ. ಗೆದ್ದ ತಳಿಯನ್ನಷ್ಟೇ ಆರಿಸಿ ಲಾಭ ತೋರಿಸುತ್ತಾರೆ. ಬಿಡುಗಡೆಯಾಗಿ ಹೊಲದ ಮುಖವನ್ನೇ ನೋಡದ ತಳಿಗಳ ಖರ್ಚನ್ನೂ ಗೆದ್ದ ತಳಿಯ ಲೆಕ್ಕಕ್ಕೇ ಸೇರಿಸಬೇಕು. ಇನ್ನೊಂದು, ನಿಮಗೆ ಇಷ್ಟ ಆಗಲಿಕ್ಕಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ಮೂಲ ಯೋಜನೆಯಲ್ಲಿ ಹೆಚ್ಚಿನ ಜಮೀನು ಕಡಿಮೆ ನೀರು ಸಾಕಾಗುವ ಅರೆ ನೀರಾವರಿ ಬೆಳೆಗೆ ಅಂತಿತ್ತು, ಭತ್ತಕ್ಕಲ್ಲ. ಮೇಲ್ಭಾಗದಲ್ಲಿ ಭತ್ತ ಹಬ್ಬಿದಷ್ಟೂ ಕೊನೆ ಭಾಗದ ಮಾನ್ವಿ, ರಾಯಚೂರು ಕಡೆಯವರಿಗೆ ನೀರು ತಪ್ಪಿತು, ಎಷ್ಟೋ ಕಡೆ ಭೂಮಿ ಉಪ್ಪೇರಿ, ನೀರು ನಿಂತು ಸವಳು ಜವಳು ಆಯಿತು. ಒಳ್ಳೆ ಭತ್ತದ ತಳಿಯ ಲಾಭ ಬರೆಯುವ ಪುಟದಲ್ಲೇ ಇದನ್ನೂ ಬರೆಯಬೇಕು. ಬರೆದವರು ಕಡಿಮೆ.

ನಿಮ್ಮದೇ ವಿಶ್ವವಿದ್ಯಾಲಯ ಏನು ಕೊಟ್ಟಿತು ಅಂದ್ರಲ್ಲ, ಗಂಗಾವತಿ ಕೇಂದ್ರದ 'ಗಂಗಾವತಿ ಸೋನಾ' ಇದೆ. ಅಕ್ಕಪಕ್ಕ ಯಾರಾದರೂ ಹಚ್ಚಿದ್ರೆ ಬಿಪಿಟಿ ಜೊತೆ ಇಟ್ಟು ನೋಡಿ. ಎಣ್ಣೆ, ಅಂದ್ರೆ ಕೀಟನಾಶಕ, ಎಷ್ಟು ಸಲ ಹೊಡೆದರು, ಮಿಲ್ಲಿನವರು ಎಷ್ಟಕ್ಕೆ ತಗೊಂಡರು ಅಂತ ಕೇಳಿ. ಅದೂ ಒಂದು ಅಧ್ಯಯನವೇ.

ನಮ್ಮಮ್ಮ ಮಾನ್ವಿ ಕಡೆ ನೆಲ್ಲು ಹಚ್ಚೋಕೆ ಗುಂಪಿನ ಜೊತೆ ಹೋಗುತ್ತಿದ್ದರು. ಈಗ ಕೂರಿಗೆ ಭತ್ತ ಅಂತ ಟ್ರ್ಯಾಕ್ಟರಿನಿಂದಲೇ ಬಿತ್ತುತ್ತಾರೆ. ಕಾಲೇಜಿನಲ್ಲಿ ಇದನ್ನು ಸಂಶೋಧನೆಯ ಯಶಸ್ಸು ಅಂತ ಪಾಠ ಮಾಡಿದರು. ಅಮ್ಮನ ಕೂಲಿ ಯಾವ ಲೆಕ್ಕದಲ್ಲಿ ಬರುತ್ತೆ?
– ದೇವದುರ್ಗ ತಾಲ್ಲೂಕಿನ ಪದವಿ ವಿದ್ಯಾರ್ಥಿನಿ

ತಂಗಿ, ದೊಡ್ಡ ದೊಡ್ಡ ವರದಿಗಳು ದಾಟಿಹೋಗುವ ಜಾಗಕ್ಕೇ ನೀವು ಕೈ ಹಾಕಿದ್ದೀರಿ.

ಕೂರಿಗೆ ಭತ್ತದ ಲಾಭ ಸುಳ್ಳಲ್ಲ. ಸಸಿ ಮಡಿ ಬೇಡ, ಕೆಸರು ಮಾಡೋದು ಬೇಡ, ಬೀಜ ಕಡಿಮೆ ಸಾಕು. ಮಳೆ ಬಿದ್ದ ಹದಕ್ಕೆ ಬಿತ್ತಿ, ಕಾಲುವೆ ನೀರು ತಡವಾಗಿ ಬಂದರೂ ಬೆಳೆ ಉಳಿಸಿಕೊಳ್ಳಬಹುದು. ತುಂಗಭದ್ರಾ ಜಲಾಶಯ ಕಟ್ಟಿದಾಗ 133 ಟಿಎಂಸಿ ಹಿಡಿಯುತ್ತಿತ್ತು, ಹೂಳು ತುಂಬಿ ಈಗ 105ರ ಆಸುಪಾಸಿಗೆ ಇಳಿದಿದೆ. ಹಾಗಾಗಿ ಕೊನೆ ಭಾಗದ ರೈತನಿಗೆ ಕೂರಿಗೆ ಜೀವ ಉಳಿಸಿದ ಪದ್ಧತಿ. ನೀರು ನಿಲ್ಲಿಸದ ಕಾರಣ ಗದ್ದೆಯಿಂದ ವಾತಾವರಣ ಬಿಸಿ ಮಾಡುವ ಮಿಥೇನ್ ಅನಿಲ ಹೊರಬರೋದೂ ಕಡಿಮೆ. ರಾಯಚೂರು ವಿಶ್ವವಿದ್ಯಾಲಯದವರು ಇದನ್ನು ಹಳ್ಳಿ ಹಳ್ಳಿಯಲ್ಲಿ ಹೇಳಿದ್ದೂ ನಿಜ.

ಆದ್ರೆ ರೈತನ ಖಾತೆಯಲ್ಲಿ 'ನಾಟಿ ಖರ್ಚು ಉಳಿತಾಯ' ಅಂತ ಬರೆಯುವ ಸಾಲೇ ನಿಮ್ಮಮ್ಮನ ಮನೆಯಲ್ಲಿ 'ಕೂಲಿ ಇಲ್ಲ' ಅನ್ನೋ ಸಾಲು. ಒಂದೇ ದುಡ್ಡು, ಎರಡು ಕಡೆ ಬರೆಯಬೇಕು. ಬಹಳ ವರದಿಗಳು ಮೊದಲನೆಯದನ್ನು ಬರೆದು ಪೆನ್ನು ಮುಚ್ಚುತ್ತವೆ. 'ಆಳು ಸಿಗದೇ ಇರೋದಕ್ಕೆ ರೈತರು ಕೂರಿಗೆಗೆ ಹೋದರು' ಅನ್ನೋ ವಾದವೂ ಇದೆ, ಅದರಲ್ಲಿ ಸತ್ಯವೂ ಇದೆ. ಜನ ಬೆಂಗಳೂರಿಗೆ ದುಡಿಯೋಕೆ ಹೋಗಿದ್ದು ಮೊದಲೋ ಕೂರಿಗೆ ಬಂದಿದ್ದು ಮೊದಲೋ ಅಂತ ಊರೂರಿಗೆ ಬೇರೆ ಬೇರೆ ಉತ್ತರ ಸಿಗುತ್ತೆ.

ಪೂರ್ತಿ ನಷ್ಟ ಅಂತಲೂ ಬರೆಯೋಕಾಗಲ್ಲ. ಕೂರಿಗೆ ಭತ್ತದ ದೊಡ್ಡ ಶತ್ರು ಕಳೆ, ಹಾಗಾಗಿ ನಾಟಿಗೆ ಹೋದ ಕೆಲಸ ಸ್ವಲ್ಪ ಕಳೆ ಕೀಳೋದರಲ್ಲಿ ವಾಪಸ್ ಬರುತ್ತೆ, ಕಳೆನಾಶಕ ಹೊಡೆದರೆ ಅದೂ ಇಲ್ಲ, ಹೊಡೆಯೋ ಕೂಲಿ ಗಂಡಸರಿಗೆ ಹೋಗುತ್ತೆ. ದಿನವಿಡೀ ಕೆಸರಲ್ಲಿ ಬಗ್ಗಿ ನಿಲ್ಲೋ ಕೆಲಸ ಕಡಿಮೆಯಾಯಿತು ಅಂತ ಖುಷಿಪಡುವ ಹೆಂಗಸರೂ ಇರಬಹುದು, ಅವರನ್ನೂ ಕೇಳಬೇಕು. ಕೇಳೋದು ಕಷ್ಟವೇನಲ್ಲ. ಎಷ್ಟೋ ನಾಟಿ ಗುಂಪುಗಳಲ್ಲಿ ಮುಂದಾಳು ಹೆಂಗಸಿನ ಹತ್ತಿರ ಒಂದು ನೋಟ್‌ಬುಕ್ ಇರುತ್ತೆ. ಯಾರ ಹೊಲ, ಎಷ್ಟು ಎಕರೆ, ಯಾರು ಬಂದಿದ್ದರು, ಯಾರಿಗೆ ಎಷ್ಟು ಬಾಕಿ, ಎಲ್ಲ ಅದರಲ್ಲಿ. ಐದಾರು ವರ್ಷದ ನೋಟ್‌ಬುಕ್ ಸಿಕ್ಕಿದ್ರೆ ಯಾವ ಸಮೀಕ್ಷೆಗಿಂತ ಕಡಿಮೆ ಇಲ್ಲ. ನಿಮ್ಮ ಪ್ರಾಜೆಕ್ಟ್ ವರ್ಕಿಗೆ ಇದನ್ನೇ ಮಾಡಿ. ಅಮ್ಮನ ಗುಂಪಿನಿಂದಲೇ ಶುರು ಮಾಡಿ, ಹೆಸರು ಮಾತ್ರ ಬರೆಯಬೇಡಿ.

ನಮಗೆ ಕಾಲೇಜು, ವಿಶ್ವವಿದ್ಯಾಲಯಗಳಿಗೆ ಕೇಂದ್ರ ಸರ್ಕಾರ ಕೊಡುವ ಎನ್‌ಐಆರ್‌ಎಫ್ ರ್‍ಯಾಂಕಿಂಗ್ ಇದೆಯಲ್ಲ, ಅದರಲ್ಲಿ ಸಮಾಜದ ಮೇಲಿನ ಪರಿಣಾಮ ಬರಲ್ವಾ? ಬ್ರಿಟನ್ನಿನಲ್ಲಿ ಬೇರೆ ಪದ್ಧತಿ ಇದೆಯಂತೆ.
– ಕೊಪ್ಪಳದ ಕಾಲೇಜು ಉಪನ್ಯಾಸಕರು

ಬರಲ್ಲ, ಬಂದರೂ ಓರೆಯಾಗಿ. ಎನ್‌ಐಆರ್‌ಎಫ್ ಮೊದಲ ಪಟ್ಟಿ ಬಂದಿದ್ದು 2016ರಲ್ಲಿ. ಸಂಶೋಧನೆ ವಿಭಾಗದಲ್ಲಿ ಅದು ಎಣಿಸೋದು ಪ್ರಬಂಧ, ಉಲ್ಲೇಖ, ಪೇಟೆಂಟ್, ಪ್ರಾಜೆಕ್ಟ್ ದುಡ್ಡು. 'ಔಟ್‌ರೀಚ್' (ಹೊರಗಿನ ಜನರನ್ನು ತಲುಪೋದು) ಅನ್ನೋ ಇನ್ನೊಂದು ವಿಭಾಗದ ಹೆಸರು ಕೇಳಿ ಆಸೆ ಹುಟ್ಟುತ್ತೆ, ಒಳಗೆ ನೋಡಿದ್ರೆ ಬೇರೆ ರಾಜ್ಯದ ವಿದ್ಯಾರ್ಥಿಗಳೆಷ್ಟು, ಹೆಣ್ಣುಮಕ್ಕಳೆಷ್ಟು, ಅಂಗವಿಕಲರಿಗೆ ಸೌಲಭ್ಯ ಇದೆಯಾ ಅಂತಿರುತ್ತೆ. ಅವೂ ಬೇಕಾದವೇ. ಆದ್ರೆ ನಿಮ್ಮ ಸಂಶೋಧನೆಯಿಂದ ಕುಷ್ಟಗಿಯಲ್ಲಿ ಏನು ಬದಲಾಯಿತು ಅಂತ ಅದು ಕೇಳಲ್ಲ.

ಬ್ರಿಟನ್ನಿನ ಆರ್‌ಇಎಫ್, ಅಂದ್ರೆ ಅಲ್ಲಿಯ ವಿಶ್ವವಿದ್ಯಾಲಯಗಳ ಸಂಶೋಧನೆ ಅಳೆಯುವ ರಾಷ್ಟ್ರೀಯ ಮೌಲ್ಯಮಾಪನ, ಕೇಳುತ್ತೆ. 2014ರಲ್ಲಿ ಒಟ್ಟು ಅಂಕದಲ್ಲಿ ಶೇ 20, 2021ರಲ್ಲಿ ಶೇ 25 ಇದಕ್ಕೇ ಮೀಸಲು. ವಿಭಾಗಗಳು ಕೆಲವೇ ಪುಟದ 'ಪರಿಣಾಮ ಕಥನ' ಬರೆದು, ಹೊರಗಿನವರ ಸಾಕ್ಷಿ ಕೊಡಬೇಕು. 20 ವರ್ಷ ಹಳೆಯ ಸಂಶೋಧನೆಯನ್ನೂ ತೋರಿಸಬಹುದು, ಇದು ನನಗೆ ಬಹಳ ಇಷ್ಟವಾದ ನಿಯಮ. 2014ರಲ್ಲಿ 6,975 ಕಥನ ಬಂದವು. ಇಷ್ಟವಾಗದ್ದು ಏನಂದ್ರೆ, ಬರೆಯೋರು ಸಂಸ್ಥೆಯವರೇ, ಅಂಕ ಸಿಗೋದೂ ಅವರಿಗೇ. ಹಾಗಿದ್ದಾಗ ಮೇಲಿನ ವಿದ್ಯಾರ್ಥಿನಿಯ ಅಮ್ಮನ ಕಥೆ ಯಾರು ಬರೀತಾರೆ? ಇಲ್ಲಿಗೆ ತರೋದಾದ್ರೆ ಒಂದು ತಿದ್ದುಪಡಿ ಮಾಡಿಯೇ ತರಬೇಕು. ನಷ್ಟ ಆದವರ ಮಾತನ್ನು ಸಂಸ್ಥೆಯ ಹೊರಗಿನವರೊಬ್ಬರು ಬರೆಯಲಿ, ಒಂದೇ ಪುಟ ಆದ್ರೂ ಸಾಕು.

ನಾನು ಬಳ್ಳಾರಿಯಲ್ಲಿ ಇತಿಹಾಸದಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ. ನಮ್ಮ ಕೆಲಸಕ್ಕೆ 'ಆರ್ಥಿಕ ಪರಿಣಾಮ ಬರೆಯಿರಿ' ಅಂದ್ರೆ ಏನು ಬರೆಯೋದು?

ಸುಳ್ಳು ರೂಪಾಯಿ ಲೆಕ್ಕ ಬರೆಯಬೇಡಿ, ಅಷ್ಟೇ. ನಿಮ್ಮೂರಿನ ಪಕ್ಕದಲ್ಲೇ ಸಂಗನಕಲ್ಲು ಇದೆ. ಅಲ್ಲಿಯ ಗುಡ್ಡಗಳ ನವಶಿಲಾಯುಗದ ನೆಲೆಗಳ ಮೇಲೆ ಧಾರವಾಡದ ಮತ್ತು ವಿದೇಶದ ವಿಶ್ವವಿದ್ಯಾಲಯಗಳ ವಿದ್ವಾಂಸರು ವರ್ಷಗಟ್ಟಲೆ ಕೆಲಸ ಮಾಡಿದರು. ಬಡಿದರೆ ಗಂಟೆಯಂತೆ ನಾದ ಬರುವ ಬಂಡೆಗಳು ಅಲ್ಲಿವೆ, ಪಕ್ಕದಲ್ಲೇ ಕಲ್ಲು ಕ್ವಾರಿಯವರು ಗುಡ್ಡ ಒಡೆಯುತ್ತಿದ್ದರು. ಆ ಸಂಶೋಧನೆಯ ಬೆನ್ನಿಗೇ ಬಳ್ಳಾರಿಯಲ್ಲಿ, ಭಾರತದ ಪ್ರಾಗಿತಿಹಾಸ ಸಂಶೋಧನೆಗೆ ಅಡಿಪಾಯ ಹಾಕಿದ ರಾಬರ್ಟ್ ಬ್ರೂಸ್ ಫೂಟ್ ಹೆಸರಿನ ಸಂಗನಕಲ್ಲು ವಸ್ತುಸಂಗ್ರಹಾಲಯ ಎದ್ದಿತು. ಎಷ್ಟು ಶಾಲೆಗಳ ಮಕ್ಕಳು ಬಂದರು, ಪಾಠದಲ್ಲಿ ಏನು ಸೇರಿತು, ಕ್ವಾರಿ ಎಲ್ಲಿ ನಿಂತಿತು, ಎಲ್ಲಿ ನಿಲ್ಲಲಿಲ್ಲ, ಇದನ್ನು ಬರೆದರೆ ಸಾಕು. ನಿಲ್ಲದ್ದನ್ನೂ ಬರೆಯಿರಿ. ಕ್ವಾರಿಯಲ್ಲಿ ಕಲ್ಲು ಒಡೆಯುತ್ತಿದ್ದವರಿಗೆ ಬೇರೆ ಕೆಲಸ ಸಿಕ್ಕಿತಾ ಅಂತಲೂ ಕೇಳಿ ಬನ್ನಿ.

ಪೇಟೆಂಟ್ ಎಷ್ಟಿವೆ ಅಂತ ನೋಡಿದ್ರೆ ಗೊತ್ತಾಗಲ್ವಾ?
– ರಾಯಚೂರಿನ ಓದುಗರು

ಪೇಟೆಂಟ್ ಪಡೆಯೋದು ಒಂದು, ಅದನ್ನು ಯಾರಾದರೂ ದುಡ್ಡು ಕೊಟ್ಟು ಬಳಸೋದು ಇನ್ನೊಂದು. ನಮ್ಮಲ್ಲಿ ಮೂರನೇ ವರ್ಷದಿಂದ ನವೀಕರಣ ಶುಲ್ಕ ಕಟ್ಟಬೇಕು, ಕಟ್ಟದಿದ್ದರೆ ಅದು ಬಿದ್ದುಹೋಗುತ್ತೆ. ಹಾಗಾಗಿ ಎಷ್ಟು ಸಿಕ್ಕವು ಅನ್ನೋದಕ್ಕಿಂತ ಎಷ್ಟಕ್ಕೆ ಇನ್ನೂ ಶುಲ್ಕ ಕಟ್ಟುತ್ತಿದ್ದಾರೆ ಅಂತ ಕೇಳಿ. ಇನ್ನೊಂದು ಮಾತು. ಬೆಳೆ ತಳಿಗೆ ಭಾರತದಲ್ಲಿ ಪೇಟೆಂಟ್ ಕೊಡೋದೇ ಇಲ್ಲ. ಅದಕ್ಕೆ 2001ರ ಸಸ್ಯ ತಳಿ ಮತ್ತು ರೈತರ ಹಕ್ಕು ಕಾಯ್ದೆ ಬೇರೆ ಇದೆ. ಅದರ ಪ್ರಕಾರ ರೈತ ಬೀಜ ಎತ್ತಿಟ್ಟುಕೊಳ್ಳಬಹುದು, ಪಕ್ಕದವರಿಗೆ ಕೊಡಬಹುದು, ಬ್ರ್ಯಾಂಡ್ ಹಾಕದೆ ಮಾರಲೂಬಹುದು. ಮೇಲಿನ ಸಿಂಧನೂರಿನ ಅಣ್ಣ ಯಾವ ಭತ್ತ ಹಚ್ಚಿದರೂ ಪೇಟೆಂಟ್ ಪಟ್ಟಿಯಲ್ಲಿ ಒಂದು ಸಾಲೂ ಜಾಸ್ತಿಯಾಗಲ್ಲ.